ನಮ್ಮ ಶಾಲೆಯನ್ನು ನೋಡಲು ಬಂದವರು

ಧರ್ಮಪುರಿ
18 ಸೆಪ್ಟೆಂಬರ್ 2024

ಅಪ್ಪ,

ಅಮ್ಮನಿಗೆ ದಿನಾ ಫೋನು, ನಿನಗೆ ಮಾತ್ರ ಕಾಗದ. ತಿರುಚ್ಚಿ ಹಾಸ್ಟೆಲಿಗೆ ಸೇರಿಸಿದ ದಿನ ನೀನು ಹಾಕಿದ ಷರತ್ತು ಇನ್ನೂ ನಡೆಯುತ್ತಿದೆ. ಸ್ಕೂಲಿನಲ್ಲಿ ಕಲಿಸದ ಕನ್ನಡ ಕೈಯಲ್ಲಾದರೂ ಉಳಿಯಲಿ ಎಂದೆ. ಉಳಿದಿದೆ. ಆದರೆ ನನ್ನ ಒತ್ತಕ್ಷರಗಳನ್ನು ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸುವುದನ್ನು ಈ ಸಲ ಬಿಡು. ಈ ಸಲ ತಿದ್ದಬೇಕಾದ್ದು ಬೇರೆ ಇದೆ.

ನಮ್ಮ ಶಾಲೆ ಎಲ್ಲಿದೆ ಎಂದು ನೀನು ಒಮ್ಮೆ ಕೇಳಿದ್ದೆ. ಧರ್ಮಪುರಿ ಮುಗಿದಿರುತ್ತದೆ, ಹಳ್ಳಿ ಇನ್ನೂ ಶುರುವಾಗಿರುವುದಿಲ್ಲ, ಅಲ್ಲಿ. ಒಂದು ಕಡೆ ಸೈಟು ಮಾಡಿ ಕಲ್ಲು ನೆಟ್ಟಿದ್ದಾರೆ, ಇನ್ನೊಂದು ಕಡೆ ಹಿಪ್ಪುನೇರಳೆ ತೋಟ. ಟೌನ್ ಬಸ್ಸು ಗೇಟಿನ ಮುಂದೆಯೇ ತಿರುಗಿಕೊಳ್ಳುತ್ತದೆ, ಅದರಾಚೆ ಅದಕ್ಕೂ ದಾರಿಯಿಲ್ಲ. ಸರಕಾರಿ ಹೈಯರ್ ಸೆಕೆಂಡರಿ ಶಾಲೆ. ನಾನು ಅದರಲ್ಲಿ ಪೋಷಕರ ಸಂಘ ನೇಮಿಸಿದ ತಾತ್ಕಾಲಿಕ ಇಂಗ್ಲಿಷ್ ಟೀಚರು.

ಪ್ಲಸ್ ಟೂನಲ್ಲಿ ಶಾಲಿನಿ ಎಂಬ ಹುಡುಗಿ ಇದ್ದಾಳೆ. ನಮ್ಮಂತೆ ಮನೆಯಲ್ಲಿ ಕನ್ನಡ, ಹೊರಗೆಲ್ಲ ತಮಿಳು. ಅವಳಪ್ಪ ಗೋಪಾಲಪ್ಪ ರೇಷ್ಮೆಹುಳು ಸಾಕುತ್ತಾರೆ. ಹುಳುವಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಇವಳು ಕೇಳುವ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರ ಹೇಳುವವರಿಲ್ಲ. ಬಯಾಲಜಿ ಹುದ್ದೆ ಖಾಲಿ. ಆಂಧ್ರದ ಗಡಿಯಾಚೆ ಒಂದು ವಸತಿ ವಿಶ್ವವಿದ್ಯಾಲಯವಿದೆ, ಆಯ್ಕೆಯಾದವರಿಗೆ ಊಟ, ಓದು ಎಲ್ಲ ಅವರದೇ. ಅಲ್ಲಿಗೆ ಅರ್ಜಿ ಹಾಕಿದ್ದಾಳೆ. ಈಗ ಅವರ ಅಡ್ಮಿಷನ್ ಆಫೀಸಿನವರು ನಮ್ಮನ್ನು ಕೇಳುತ್ತಿದ್ದಾರೆ: ನಿಮ್ಮ ಶಾಲೆಯ ಬಗ್ಗೆ ನಮಗೇನೂ ಗೊತ್ತಿಲ್ಲ, ಎರಡು ಪುಟದಲ್ಲಿ ಪರಿಚಯ ಮಾಡಿಕೊಡಿ. ಪಟ್ಟಣದ ದೊಡ್ಡ ಶಾಲೆಗಳಲ್ಲಿ ಬಣ್ಣದಲ್ಲಿ ಅಚ್ಚು ಹಾಕಿಸಿ ಇಟ್ಟಿರುತ್ತಾರಂತೆ. ನಮ್ಮ ಎಚ್ಚೆಮ್ ಚಂದ್ರಿಕಾ ಮೇಡಂ, "ಇಂಗ್ಲಿಷ್ ತಾನೇ, ನೀನೇ ಬರಿಮ್ಮಾ" ಎಂದು ನನ್ನ ಮೇಲೆ ಹಾಕಿದರು.

ಬರೆದಿದ್ದೇನೆ. ಜೊತೆಗಿದೆ. ರಿಟೈರ್ ಆಗುವವರೆಗೆ ಕಾಲೇಜಿನ ಅಡ್ಮಿಷನ್ ಸೆಕ್ಷನ್ನಿನಲ್ಲಿ ಕೂತವನು ನೀನು. ಮೇಜಿನ ಆ ಕಡೆಯವರು ಇದನ್ನು ಹೇಗೆ ಓದುತ್ತಾರೆ, ಹೇಳು. ಆದರೆ ಮೆತ್ತಗೆ ಮಾಡು ಎಂದು ಮಾತ್ರ ಹೇಳಬೇಡ.

ಜಗಳಕ್ಕೆ ಸಿದ್ಧಳಾಗಿ,
ಸುಪ್ರಜಾ


ಸೇಲಂ
27 ಸೆಪ್ಟೆಂಬರ್ 2024

ಪ್ರೀತಿಯ ಸುಪ್ರಜಾ,

ನಿನ್ನ ಪರಿಚಯ ಪತ್ರವನ್ನು ಅಡ್ಮಿಷನ್ ಸೆಕ್ಷನ್ನಿನವನ ಹಾಗೆಯೇ ಓದಿದೆ. ಮೊದಲ ವಾಕ್ಯ: "ಈ ಶಾಲೆ, ಒಂದು ದೇಶ ತನ್ನ ಮಕ್ಕಳಿಗೆ ಬಗೆದ ದ್ರೋಹಕ್ಕೆ ಸಾಕ್ಷಿ." ಅಲ್ಲಿಗೆ ಅವನು ಟೀ ಕುಡಿಯಲು ಏಳುತ್ತಾನೆ. ವಾಪಸ್ ಬಂದು ಮುಂದಿನ ಕವರು ಒಡೆಯುತ್ತಾನೆ.

ಎರಡು ಪುಟ ಕೇಳಿದ್ದಾರೆ, ನೀನು ಏಳು ಬರೆದಿದ್ದೀಯ. ಮೆಕಾಲೆಯಿಂದ ಹಿಡಿದು ಖಾಸಗೀಕರಣದವರೆಗೆ ಎಲ್ಲರನ್ನೂ ಬೈದಿದ್ದೀಯ. ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಕಿರುಹೊತ್ತಿಗೆಗಳನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಕುದಿಸಿದಂತಿದೆ. ಅದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಶಾಲೆ ಎಲ್ಲೂ ಕಾಣಲಿಲ್ಲ, ನೀನೇ ಎಲ್ಲ ಕಡೆ ಕಂಡೆ.

ಒಂದು ಹುಡುಗಿಯ ಅಂಕ ಒಂಟಿಯಾಗಿ ಮೇಜಿಗೆ ಬಂದರೆ ಅದಕ್ಕೆ ಬಾಯಿಲ್ಲ. ಅಷ್ಟು ಅಂಕವನ್ನು ಅವಳು ಎಲ್ಲಿ ಕೂತು, ಯಾರ ಹತ್ತಿರ ಕಲಿತು ತೆಗೆದಳು, ಅಲ್ಲಿ ಅದಕ್ಕಿಂತ ಹೆಚ್ಚು ತೆಗೆದವರು ಯಾರಾದರೂ ಇದ್ದಾರಾ, ಇಷ್ಟು ಗೊತ್ತಾದರೆ ಅಂಕ ಮಾತಾಡುತ್ತದೆ. ಹುದ್ದೆ ಖಾಲಿ ಎಂದು ಬರಿ. ಎಂದಿನಿಂದ ಎಂದು ಬರಿ. ಸಿಟ್ಟನ್ನು ಓದುವವನೇ ಮಾಡಿಕೊಳ್ಳಲಿ, ಆ ಕೆಲಸವನ್ನೂ ನೀನೇ ಮಾಡಿಬಿಟ್ಟರೆ ಅವನಿಗೆ ಉಳಿಯುವುದೇನು? ಎಷ್ಟು ಮಕ್ಕಳು ಸೇರುತ್ತಾರೆ, ಎಷ್ಟು ಮಕ್ಕಳು ನಡುವೆ ಬಿಡುತ್ತಾರೆ, ಅದನ್ನೂ ಹೇಳು. ಮುಚ್ಚಿಡುವ ಶಾಲೆಯನ್ನು ಆಫೀಸಿನವರು ಮೂಸಿ ಹಿಡಿಯುತ್ತಾರೆ.

ಕೆಂಪು ಇಂಕು ಬಿಟ್ಟಿಲ್ಲ. 'ದೌರ್ಜನ್ಯ' ಎರಡು ಕಡೆ ತಪ್ಪಾಗಿದೆ.

ಒಂದೂ ಪುಟ ಬಿಡದೆ ಓದಿದ
ಅಪ್ಪ

ಸುಪ್ರಜಾ, ಇವರು ನಿನ್ನ ಕಾಗದ ಓದುತ್ತಾ ಓದುತ್ತಾ ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು. ಯಾಕೆ ಅಂದ್ರೆ, ಕಣ್ಣಿಗೆ ಡ್ರಾಪ್ಸ್ ಹಾಕಿದ್ದೆ ಅಂತಾರೆ. ಡ್ರಾಪ್ಸ್ ಬಾಟಲಿ ಮುಗಿದು ತಿಂಗಳಾಯಿತು. ನವರಾತ್ರಿಗೆ ಬಾ. ಗೊಂಬೆ ಜೋಡಿಸೋಕೆ ಜನ ಇಲ್ಲ. ಅಮ್ಮ


ಧರ್ಮಪುರಿ
22 ಅಕ್ಟೋಬರ್ 2024

ಅಪ್ಪ,

ನವರಾತ್ರಿಗೆ ಬರಲಾಗಲಿಲ್ಲ ಎಂದು ಅಮ್ಮನಿಗೆ ಸಿಟ್ಟು, ನಿನಗೆ ಮೌನ. ಅಮ್ಮನ ಸಿಟ್ಟೇ ಪರವಾಗಿಲ್ಲ.

ಎರಡು ಪುಟಕ್ಕೆ ಇಳಿಸಿದೆ. ಮೆಕಾಲೆ ಹೋದ. ಹೋಗುವಾಗ ನನಗೆ ನೋವಾಯಿತು. ಆದರೆ ನೀನು ಕೇಳಿದ 'ನಡುವೆ ಬಿಟ್ಟವರು' ಬಂದ ಕೂಡಲೇ ಎಚ್ಚೆಮ್ ರೂಮಿನಲ್ಲಿ ಯುದ್ಧವಾಯಿತು. ನಮ್ಮದು ನೂರಕ್ಕೆ ನೂರು ಫಲಿತಾಂಶದ ಶಾಲೆ. ಗೇಟಿನ ಮೇಲೆ ಬ್ಯಾನರೇ ಇದೆ. ಪ್ಲಸ್ ಒನ್ ಸೇರಿದ ಮಕ್ಕಳಲ್ಲಿ ಒಂದಷ್ಟು ಜನ ಪರೀಕ್ಷೆಯವರೆಗೆ ಬರುವುದೇ ಇಲ್ಲ, ಬಂದವರೆಲ್ಲ ಪಾಸಾಗುತ್ತಾರೆ. ಅದೇ ನೂರು.

"ಎಮ್ಮಾ, ಈ ನೂರನ್ನು ನೋಡಿಯೇ ನಮಗೆ ಎರಡು ಕೊಠಡಿ ಕೊಟ್ಟದ್ದು" ಎಂದರು ಚಂದ್ರಿಕಾ ಮೇಡಂ. "ನೀನು ಅದನ್ನು ಒಡೆದು ಹಾಕ್ತೀಯಾ?"

"ಹೋದ ಮಕ್ಕಳ ಹೆಸರು ನಿಮಗೆ ನೆನಪಿದೆಯಾ ಮೇಡಂ?" ಎಂದೆ. ಕೇಳಬಾರದಿತ್ತೇನೋ.

ಅವರು ಒಬ್ಬೊಬ್ಬರ ಹೆಸರನ್ನೂ ಹೇಳಿದರು, ಅಪ್ಪ. ಯಾರು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದರು, ಯಾರಿಗೆ ಮದುವೆಯಾಯಿತು, ಎಲ್ಲ. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, "ಸರಿ, ಕೊಡು" ಎಂದು ಸೈನ್ ಹಾಕಿದರು. ಅವರ ಮೇಲೆ ಬರೆದಿಟ್ಟಿದ್ದ ಅರ್ಧ ಪುಟದ ಸಿಟ್ಟನ್ನು ಎಲ್ಲಿ ಇಡಲಿ ಎಂದು ಗೊತ್ತಾಗುತ್ತಿಲ್ಲ.

ಶಾಲೆಯ ಪರಿಚಯ ಯಾಕೆ ಬೇಕೆಂದು ಗೋಪಾಲಪ್ಪನವರಿಗೂ ವಿವರಿಸಬೇಕಾಯಿತು. ಶಾಲೆ ಅವರ ಬಾಯಲ್ಲಿ ಪಳ್ಳಿಕೂಡ. "ಮಾರ್ಕು ನಮ್ ಊಡ್ಗೀದು. ಪಳ್ಳಿಕೂಡದ ಜಾತ್ಕ ಅವ್ರಿಗ್ಯಾಕೆ ಟೀಚರಮ್ಮ?" ಎಂದರು. "ಗಂಡಿನ ಕಡೆಯವರು ಹುಡುಗಿಯನ್ನು ಮಾತ್ರ ನೋಡಿಕೊಂಡು ಹೋಗ್ತಾರಾ? ಮನೆ ಹೇಗೆ, ಜನ ಹೇಗೆ ಅಂತ ವಿಚಾರಿಸಲ್ವಾ? ಹಾಗೇ ಇದು" ಎಂದೆ. "ಅಂಗೇಳು ಮತ್ತೆ!" ಎಂದು ತೊಡೆ ತಟ್ಟಿದರು. ಅವರ ಹೆಂಡತಿ ಸಿದ್ದಲಕ್ಷ್ಮಮ್ಮ ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿದರು.

ಒಂದನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಪೊಂಗಲ್ ಕಳೆದ ಮೇಲೆ ಊರವರು ಶಾಲೆಗೆ 'ಕಲ್ವಿ ಸೀರ್', ಅಂದರೆ ಓದಿನ ಬಳುವಳಿ, ತರುತ್ತಾರೆ. ಮದುವೆಮನೆಗೆ ಒಯ್ಯುವ ಹಾಗೆ ತಟ್ಟೆಗಳಲ್ಲಿ ಹೂವು, ಹಣ್ಣು, ಮುಂದೆ ಮೇಳ, ಹಿಂದೆ ಗಾಡಿಯಲ್ಲಿ ಬೆಂಚು, ಫ್ಯಾನು. ಸರಕಾರ ಕೊಡಬೇಕಾದ್ದನ್ನು ಜನ ನಾದಸ್ವರ ಊದಿಸಿಕೊಂಡು ತಂದುಕೊಡುವುದು ನನಗೆ ಒಪ್ಪಿಗೆಯಿಲ್ಲ. ಹಕ್ಕನ್ನು ಕೇಳಬೇಕು, ಅದಕ್ಕೆ ಅರಿಶಿನ ಕುಂಕುಮ ಹಚ್ಚಬಾರದು.

ಮೆಕಾಲೆಯನ್ನು ಕಳೆದುಕೊಂಡ
ಸುಪ್ರಜಾ


ಸೇಲಂ
5 ನವೆಂಬರ್ 2024

ಸುಪ್ರಜಾ,

ಎರಡು ಪುಟ ಚೆನ್ನಾಗಿವೆ. ಶಾಲೆ ಕಾಣುತ್ತಿದೆ.

ಒಂದೇ ಪ್ರಶ್ನೆ. ನೀನು ಒಪ್ಪದ್ದನ್ನು ಬಿಟ್ಟರೆ, ಅದು ಯಾರ ಪರಿಚಯ?

ಉತ್ತರ ಬೇಡ. ದೀಪಾವಳಿಗೆ ಬಂದವಳು ಒಂದೇ ರಾತ್ರಿ ಇದ್ದು ಹೋದೆ, ಚಕ್ಕುಲಿ ಡಬ್ಬ ಮರೆತೆ. ಕೊರಿಯರ್ ಮಾಡಿದ್ದೇನೆ. ಮಕ್ಕಳಿಗೂ ಕೊಡು.

ಅಪ್ಪ


ಧರ್ಮಪುರಿ
30 ಜನವರಿ 2025

ಅಪ್ಪ,

ಇಷ್ಟು ದಿನ ಬರೆಯದಿದ್ದುದಕ್ಕೆ ನಿನ್ನ ಪ್ರಶ್ನೆಯೇ ಕಾರಣ. ಈಗ ಬರೆಯಲೇಬೇಕು.

ಪರಿಚಯ ಪತ್ರ ಓದಿ ಆ ಆಫೀಸಿನವರು ಒಬ್ಬರನ್ನು ಕಳಿಸಿದರು. ಹೆಸರು ಸತ್ಯಾ, ನನ್ನದೇ ವಯಸ್ಸು. ತೆಲುಗಿನ ಎಳೆತದ ತಮಿಳು. ತಾನೇ ಟೌನ್ ಬಸ್ಸು ಹತ್ತಿ ಬಂದಳು, ಅದೇ ನನಗೆ ಹಿಡಿಸಿತು. ಮಕ್ಕಳ ಜೊತೆ ಕೂತು ಸತ್ತುಣವು, ಅದೇ ಶಾಲೆಯ ಬಿಸಿಯೂಟ, ಮಾಡಿದಳು. ಶಾಲಿನಿಯನ್ನು ಒಂದು ಗಂಟೆ ಮಾತಾಡಿಸಿದಳು. ರೂಮಿನಿಂದ ಬಂದ ಶಾಲಿನಿಯ ಹತ್ತಿರ, ಅವರು ಏನು ಕೇಳಿದರು ಎಂದೆ. "ಏನೂ ಇಲ್ಲ ಮಿಸ್, ಹುಳ ಯಾಕೆ ಸಾಯ್ತವೆ ಅಂತ ನಾನೇ ಕೇಳ್ತಾ ಇದ್ದೆ" ಎಂದಳು!

ಎಲ್ಲ ಮುಗಿಯಿತು ಎನ್ನುವಾಗ ಗೇಟಿನ ಹತ್ತಿರ ಮೇಳ ಕೇಳಿಸಿತು.

ಸೀರ್, ಅಪ್ಪ! ಮುಂದಿನ ವಾರ ಇದ್ದದ್ದನ್ನು ಇವತ್ತಿಗೆ ತಂದುಕೊಂಡಿದ್ದರು. ಹೆಂಗಸರ ತಲೆಯ ಮೇಲೆ ತಟ್ಟೆಗಳು. ಹಿಂದೆ ಗಾಡಿಯಲ್ಲಿ ಕಬ್ಬಿಣದ ಬೀರು. ಒಂದು ತಟ್ಟೆಯಲ್ಲಿ ಮಲ್ಲಿಗೆ ಸುತ್ತಿ, ಕುಂಕುಮ ಇಟ್ಟು, ಒಂದು ಮೈಕ್ರೋಸ್ಕೋಪು. ಹೊಸದು. ಶಾಲಿನಿಯಪ್ಪನ ಜೊತೆ ಇನ್ನೂ ಹದಿನೈದು ರೇಷ್ಮೆ ಮನೆಗಳವರು ಸೇರಿ ಕೊಂಡದ್ದು.

ನಾನು ಓಡಿದೆ. "ಇವತ್ತು ಯಾಕೆ ಗೋಪಾಲಪ್ಪಾ?"

"ಏನ್ ಟೀಚರಮ್ಮ ಇಂಗ್ ಕೇಳ್ತೀಯ? ಮನೆ ನೋಡಕ್ ಬಂದವ್ರೆ. ಬೀರು, ಬೆಂಚು ಇಲ್ದೆ ಇರೋ ಮನೆ ಅನ್ಕಳಲ್ವಾ? ಮರ್ವಾದೆ ಯಾರ್ದು ಓಗೋದು?"

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಸಿದ್ದಲಕ್ಷ್ಮಮ್ಮ ಬೇರೊಂದು ತಟ್ಟೆ ಹಿಡಿದು ನೇರವಾಗಿ ಸತ್ಯಾಳ ಮುಂದೆ ನಿಂತರು. ಸೀರೆ, ರವಿಕೆ ಕಣ, ತೆಂಗಿನಕಾಯಿ. ಸತ್ಯಾ ನನ್ನ ಮುಖ ನೋಡಿದಳು. ಮೇಳದವರು ಇನ್ನೂ ಜೋರು ಮಾಡಿದರು. ಆ ಹುಡುಗಿ ತಟ್ಟೆ ತೆಗೆದುಕೊಂಡಳು. ಬೇಡ ಅನ್ನಲು ಯಾರಿಗೆ ತಾನೇ ಆಗುತ್ತಿತ್ತು? ಬಸ್ ಹತ್ತುವಾಗ ಮಾತ್ರ ಮೆಲ್ಲಗೆ ಹೇಳಿದಳು: "ಅರ್ಜಿ ಹಾಕಿದವರ ಮನೆಯಿಂದ ನಾನು ಏನೂ ತೆಗೆದುಕೊಳ್ಳುವ ಹಾಗಿಲ್ಲ. ಆಫೀಸಿಗೆ ಹೇಳಲೇಬೇಕಾಗುತ್ತೆ."

ಗಂಡಿನ ಕಡೆಯವರು ಎಂದು ಹೇಳಿಕೊಟ್ಟವಳು ನಾನೇ. ನಗಬೇಡ.

ಸುಪ್ರಜಾ


ಧರ್ಮಪುರಿ
17 ಫೆಬ್ರವರಿ 2025

ಅಪ್ಪ,

ನೀನು ನಗಲಿಲ್ಲ, ತಕ್ಷಣ ಫೋನ್ ಮಾಡಿದೆ. ಕಾಗದದವನು ಫೋನ್ ಮಾಡಿದ ಎಂದರೆ ಎಷ್ಟು ಕೆಟ್ಟಿದೆ ಎಂದು ಗೊತ್ತಾಯಿತು. ಆಮೇಲೆ ನಡೆದದ್ದು ಇದು.

ಆಫೀಸಿನಿಂದ ಮೇಲ್ ಬಂತು. ಅರ್ಜಿದಾರಳ ಮನೆಯವರು ನಮ್ಮ ಪ್ರತಿನಿಧಿಗೆ ಉಡುಗೊರೆ ಕೊಟ್ಟಿದ್ದಾರೆ. ಅರ್ಜಿಯನ್ನು ತಡೆಹಿಡಿದಿದ್ದೇವೆ. ಶಾಲೆ ವಿವರಣೆ ಕೊಡಬೇಕು. ಚಂದ್ರಿಕಾ ಮೇಡಂ, "ಅದು ಶಾಲೆ ಫಂಕ್ಷನ್ ತಟ್ಟೆ, ಕೈ ತಪ್ಪಿ ಹೋಯಿತು ಅಂತ ಬರಿ" ಎಂದರು. ನಾನು, ಇದು ಊಳಿಗಮಾನ್ಯ ಪದ್ಧತಿಯ ಉಳಿಕೆ, ಜನರ ಅಜ್ಞಾನವನ್ನು ಮನ್ನಿಸಿ, ಎಂದು ಬರೆಯಲು ಕೂತೆ. ಹೌದು, ಕೂತೆ. ಎರಡು ಪ್ಯಾರಾ ಬರೆದೂ ಬಿಟ್ಟೆ.

ಅಷ್ಟರಲ್ಲಿ ಶಾಲಿನಿ ಬರುವುದು ನಿಲ್ಲಿಸಿದಳು. ಪ್ರಾಕ್ಟಿಕಲ್ ಪರೀಕ್ಷೆ ಎದುರಿಗಿದೆ. ಮನೆಗೆ ಹೋದೆ. ನಡುಮನೆಯಲ್ಲಿ ಪಾರ್ಸೆಲ್ ಬಿಚ್ಚಿ ಬಿದ್ದಿತ್ತು. ನಿಯಮದ ಪ್ರಕಾರ ಆಫೀಸಿನವರು ಸೀರೆಯನ್ನು ವಾಪಸ್ ಕಳಿಸಿದ್ದರು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ. ಅದನ್ನು ಯಾರೂ ಓದಿರಲಿಲ್ಲ. ಓದುವ ಅಗತ್ಯವೇ ಅವರಿಗೆ ಕಂಡಿರಲಿಲ್ಲ.

"ಕೊಟ್ಟ ತಟ್ಟೆ ತಿರ್ಗಿ ಬಂತು" ಎಂದರು ಸಿದ್ದಲಕ್ಷ್ಮಮ್ಮ. "ಸಂಬಂಧ ಬ್ಯಾಡ ಅಂದ್ರು. ಆಯ್ತು, ಬುಡು. ಕೊಳತ್ತೂರ್ ಕಡೆಯಿಂದ ಯಾರೋ ಕೇಳ್ಕಂಡ್ ಬಂದವ್ರೆ. ಮಗೀಗೆ ವಯ್ಸು ತುಂಬ್ಲಿ, ಅಲ್ಗಂಟ ಮನೇಲಿರ್ಲಿ."

ನಾನು ಶುರುಮಾಡಿದೆ. ಹೆಣ್ಣಿನ ಓದು, ಹೆಣ್ಣಿನ ಹಕ್ಕು, ಇದು ಸಂಬಂಧವಲ್ಲ, ಸೀಟು. ನಿನಗೆ ಗೊತ್ತಲ್ಲ, ನನ್ನ ಬಾಯಿಗೆ ಬ್ರೇಕ್ ಇಲ್ಲ. ಅವರು ಪೂರಾ ಕೇಳಿದರು.

"ಗಂಡಿನ ಕಡೇರು ಇದ್ದಂಗೆ ಅಂತ ನೀನೇ ಅಲ್ವೇನಮ್ಮ ಏಳಿದ್ದು?"

ಅಪ್ಪ, ನನ್ನ ಭಾಷಣವನ್ನು ಅಲ್ಲಿಗೇ ಬಿಟ್ಟೆ. ಚೀಟಿಯನ್ನು ಓದಿ ಅರ್ಥ ಹೇಳಿದೆ. ಅವರು ಬೇಡ ಅಂದಿಲ್ಲ, ಅಲ್ಲಿ ಯಾರ ಮನೆಯಿಂದಲೂ ಏನೂ ಮುಟ್ಟುವ ಹಾಗಿಲ್ಲ, ಉಳ್ಳವರು ಕೊಟ್ಟು ಸೀಟು ಕೊಳ್ಳಬಾರದು ಎಂದು ಆ ನಿಯಮ, ಎಂದೆ. ಸಿದ್ದಲಕ್ಷ್ಮಮ್ಮ ಸೆಟೆದು ಕೂತರು.

"ಸೀಟಿಗ್ ಕೊಟ್ನಾ ನಾನು? ಬಿಸ್ಲಲ್ಲಿ ಬಸ್ಸಲ್ಲಿ ಬಂದಿತ್ತು ಆ ಕೂಸು. ನಮ್ ಮಕ್ಳ ಜೊತೆ ಕೂತು ಉಣ್ತು. ಬರೀ ಕೈಲಿ ಎಂಗ್ ಕಳ್ಸೋದು? ಬರಿ ನೀನು. ಇಂಗೇ ಬರಿ."

ಅಲ್ಲೇ ಕೂತು ಬರೆದೆ. ಅವರು ಹೇಳಿದ್ದನ್ನು ಅವರ ಮಾತಾಗಿಯೇ ಇಂಗ್ಲಿಷಿಗೆ ತಂದೆ. ಗಂಡಿನ ಕಡೆಯ ಮಾತು ನನ್ನದು ಎಂದೂ ಬರೆದೆ. ಆಮೇಲೆ ಸೀರ್ ಎಂದರೇನು ಎಂದು ಬರೆದೆ: ನಿಮ್ಮ ಪ್ರತಿನಿಧಿ ಕೂತ ಬೆಂಚು, ಅವರ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು, ಅವರು ನೀರು ಕುಡಿದ ಫಿಲ್ಟರು ಎಲ್ಲವೂ ಹೀಗೆಯೇ ಮೇಳದ ಹಿಂದೆ ಬಂದವು. ಮೊದಲ ಪರಿಚಯದಲ್ಲಿ ಇದನ್ನು ಬಿಟ್ಟಿದ್ದೆವು. ಈ ಪುಟವನ್ನು ದಯವಿಟ್ಟು ಅದಕ್ಕೆ ಸೇರಿಸಿಕೊಳ್ಳಿ.

ಒಂದೂ ಬೈಗುಳ ಇಲ್ಲ. ಸರಕಾರಕ್ಕೂ ಇಲ್ಲ.

ಹೊರಡುವಾಗ ಶಾಲಿನಿ ಬಾಗಿಲ ಹಿಂದಿನಿಂದ ಬಂದಳು. "ಮಿಸ್, ಪ್ರಾಕ್ಟಿಕಲ್ ಯಾವತ್ತು?" ಎಂದಳು. ಅಷ್ಟೇ. ಅವಳ ತಾಯಿ ಕೇಳಿಸದವರ ಹಾಗೆ ಸೊಪ್ಪು ಬಿಡಿಸುತ್ತಿದ್ದರು.

ನಿನ್ನ ಪ್ರಶ್ನೆಗೆ ತಡವಾಗಿ ಉತ್ತರಿಸಿದ
ಸುಪ್ರಜಾ


ಸೇಲಂ
25 ಫೆಬ್ರವರಿ 2025

ಸುಪ್ರಜಾ,

ಆ ಪುಟವನ್ನು ಎರಡು ಸಲ ಓದಿದೆ. ಕೆಂಪು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಇನ್ನು ಅವರ ಮೇಜಿನಲ್ಲಿದೆ. ಕಾಯುವಾಗ ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ

ರಾಯರ ಮಠಕ್ಕೆ ಹೋಗಿ ಬಂದೆ. ನಿನಗೆ ನಂಬಿಕೆ ಇಲ್ಲ, ನನಗೆ ಗೊತ್ತು. ಅದಕ್ಕೆ ಶಾಲಿನಿ ಹೆಸರಲ್ಲಿ ಅರ್ಚನೆ ಮಾಡಿಸಿದೆ. ಗೋತ್ರ ಕೇಳಿದರು, ನಮ್ಮದೇ ಹೇಳಿದೆ. ಅಮ್ಮ


ಧರ್ಮಪುರಿ
21 ಏಪ್ರಿಲ್ 2025

ಅಪ್ಪ, ಅಮ್ಮ,

ಶಾಲಿನಿಗೆ ಸೀಟು ಸಿಕ್ಕಿತು! ಊಟ, ಓದು, ಹಾಸ್ಟೆಲು ಎಲ್ಲ ಅವರದೇ. ಚಂದ್ರಿಕಾ ಮೇಡಂ ಅಸೆಂಬ್ಲಿ ಇಲ್ಲದಿದ್ದರೂ ನನ್ನ ಕೈಯಲ್ಲಿ ಬೆಲ್ಲು ಹೊಡೆಸಿದರು. ರಜೆಯ ಶಾಲೆಯಲ್ಲಿ ನಾವಿಬ್ಬರೇ ಇದ್ದೆವು.

ಆದರೆ ಸಿದ್ದಲಕ್ಷ್ಮಮ್ಮ ಇನ್ನೂ ಹೂಂ ಅಂದಿಲ್ಲ. ಸಿಹಿ ಹಂಚಿದರು, ಬಾಯಿ ಬಿಡಲಿಲ್ಲ. ಕೊನೆಗೆ ಗೋಪಾಲಪ್ಪನವರೇ ಹೇಳಿದರು: "ಅವ್ರು ನಮ್ ಮನೆ ನೋಡಾಯ್ತು. ನಾವು ಅವ್ರ ಮನೆ ನೋಡ್ದೆ ಮಗಾ ಕಳ್ಸೋದಾ?" ಕೆಲಸಕ್ಕೆ ಹುಡುಗರನ್ನು ಆರಿಸಲು ಬರುವ ಕಂಪನಿಯವರೂ ಇಂಥ ತಪಾಸಣೆ ಮಾಡುವುದಿಲ್ಲ. ನಾನು ತಡೆಯಲಿಲ್ಲ. ಈಗ ನನಗೂ ಅದು ಸರಿ ಅನ್ನಿಸುತ್ತಿದೆ.

ಮೇ ಹತ್ತರಂದು ಬೆಳಿಗ್ಗೆ ವ್ಯಾನ್ ಹೊರಡುತ್ತದೆ, ಶಾಲೆಯ ಗೇಟಿನಿಂದ. ನೀನು ಇನ್ನೂ ನೋಡದ ಗೇಟು. ಒಂದು ಸೀಟು ಖಾಲಿ ಇದೆ. ಬಾ ಎಂದು ಕರೆಯುತ್ತಿಲ್ಲ, ಖಾಲಿ ಇದೆ ಎಂದೆ.

ಸುಪ್ರಜಾ


ಸೇಲಂ
13 ಮೇ 2025

ಪ್ರೀತಿಯ ಸುಪ್ರಜಾ,

ಒಂದಿಡೀ ದಿನ ಒಂದೇ ವ್ಯಾನಿನಲ್ಲಿ ಕೂತು ಬಂದವಳಿಗೆ ಏನು ಕಾಗದ ಎಂದು ನಿನ್ನ ಅಮ್ಮ ಕೇಳುತ್ತಿದ್ದಾಳೆ. ಕೆಲವು ನಿನಗೆ ಕಾಣಿಸಿಲ್ಲ, ಅದಕ್ಕೆ.

ಸಿದ್ದಲಕ್ಷ್ಮಮ್ಮ ಹಾಸ್ಟೆಲಿನ ನಲ್ಲಿ ತಿರುಗಿಸಿ ನೋಡಿದರು, ಅಡುಗೆಮನೆಯ ಸಾರನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿದರು, ಕೋಣೆಯ ಚಿಲಕ ಒಳಗಿನಿಂದ ಭದ್ರವಾಗಿದೆಯಾ ಎಂದು ಹಾಕಿ ತೆಗೆದರು. ಆಮೇಲೆ ಆಫೀಸಿನಲ್ಲಿ ಕೂತು ಕೇಳಿದರು: "ಇಲ್ಗ್ ಬಂದು ನಡೂವೆ ಬುಟ್ಟೋದ ಮಕ್ಳು ಎಷ್ಟು? ಯಾಕ್ ಓದ್ರು?" ನನ್ನ ಇಡೀ ಸರ್ವಿಸಿನಲ್ಲಿ ಮೇಜಿನ ಮುಂದೆ ನಿಂತ ಯಾವ ತಾಯಿಯೂ ಅದನ್ನು ಕೇಳಿದ್ದಿಲ್ಲ. ನೀನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ನಿನ್ನದು ಎಂದು ಒಂದು ಮಾತೂ ಸೇರಿಸಲಿಲ್ಲ. ನಾನು ಗೋಡೆಯ ಕಡೆ ನೋಡುತ್ತಿದ್ದವನ ಹಾಗೆ ಕೂತಿದ್ದೆ, ಆದರೆ ನೋಡುತ್ತಿದ್ದದ್ದು ನಿನ್ನನ್ನು.

ಟೈ ಕಟ್ಟಿದ ಆ ದೊಡ್ಡವರು ತಮ್ಮ ಕಟ್ಟಡ, ಪ್ರಶಸ್ತಿ, ವಿದೇಶದ ಒಪ್ಪಂದ ಎಲ್ಲ ಹೇಳಿದರು. ನೀನು ಅದನ್ನೂ ಪೂರಾ ಕನ್ನಡ ಮಾಡಿದೆ. "ಅದಲ್ಲ ನಾ ಕೇಳಿದ್ದು" ಎಂದರು ಈಯಮ್ಮ. ಆಗ ಸತ್ಯಾ ತಮಿಳಿನಲ್ಲೇ ಹೇಳಿದಳಲ್ಲ, ಹೋದ ವರ್ಷ ಕೆಲವರು ಬಿಟ್ಟರು, ಮೊದಲ ಆರು ತಿಂಗಳು ಪಾಠದ ಇಂಗ್ಲಿಷ್ ಅರ್ಥವಾಗದೆ ಯಾರಿಗೂ ಹೇಳದೆ ಕೊರಗಿದರು, ನಮಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು, ಎಂದು. ದೊಡ್ಡವರು ಅವಳನ್ನು ದುರುಗುಟ್ಟಿಕೊಂಡು ನೋಡಿದರು. ಸಿದ್ದಲಕ್ಷ್ಮಮ್ಮ ಲೋಟದ ನೀರನ್ನು ಪೂರ್ತಿ ಕುಡಿದು ಕೆಳಗಿಟ್ಟರು.

"ಈ ಊಡ್ಗಿ ಮರೆ ಮಾಡ್ಲಿಲ್ಲ. ಬುಡ್ಬೋದು."

"ಅವ್ವಾ, ನನ್ನ ಒಂದ್ ಮಾತು ಕೇಳಲ್ವಾ?" ಎಂದಳು ಶಾಲಿನಿ.

"ನಿನ್ನೇನ್ ಕೇಳೋದು? ಬೆಳಗ್ಗಿಂದ ಮೂತೀಲಿ ಬರ್ಕಂಡ್ ಕೂತಿದ್ದೀಯ."

ಇಷ್ಟು ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಇದು. ವಾಪಸ್ ಬರುವಾಗ ಗಡಿ ದಾಟುತ್ತಿದ್ದಂತೆ ನೀನು ಶಾಲಿನಿಯ ಭುಜಕ್ಕೆ ಒರಗಿ ನಿದ್ದೆ ಹೋದೆ, ಬಾಯಿ ತೆರೆದುಕೊಂಡು. ಸಿದ್ದಲಕ್ಷ್ಮಮ್ಮ ಹಿಂದಿನ ಸೀಟಿನಿಂದ ಬಗ್ಗಿ ನನ್ನನ್ನು ಕೇಳಿದರು.

"ಸಾಮಿ, ನಿಮ್ ಮಗ್ಳುನ್ನ ನಮ್ ಊರಿಗ್ ಬುಟ್ರಲ್ಲ, ಆವಾಗ ನೀವು ನೋಡಕ್ ಬರ್ಲಿಲ್ಲ, ಅಲ್ವಾ?"

"ಇಲ್ಲಮ್ಮ" ಎಂದೆ.

"ಇವತ್ತು ಪಳ್ಳಿಕೂಡ ನೋಡಿದ್ರಿ. ನಮ್ಮನ್ನೂ ನೋಡಿದ್ರಿ. ಎಂಗೈತೆ?"

ಗೋಪಾಲಪ್ಪ ಮಾತು ನಿಲ್ಲಿಸಿದರು. ನಿಮ್ಮ ಚಂದ್ರಿಕಾ ಮೇಡಂ ಕೂಡ ತಿರುಗಿ ನೋಡಿದರು. ಇಡೀ ವ್ಯಾನೇ ನನ್ನ ಉತ್ತರಕ್ಕೆ ಕಾಯುತ್ತಿತ್ತು, ನೀನೊಬ್ಬಳನ್ನು ಬಿಟ್ಟು.

"ಬಿಡಬಹುದು" ಎಂದೆ.

ಅಪ್ಪ